ನಮ್ಮ ಮಾತು ಗಾಂಧಿನಗರಕ್ಕೆ ನಗೆಪಾಟಲೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದ ಬೆಂಗಳೂರಿಗೆ ಬಂದು ನೆಲೆ ನಿಂತ ಯುವಕ ಯುವತಿಯರೇ, ಇದು ನಿಮಗಾಗಿಯೇ ಬರೆದದ್ದು. ಓದಿ ಸಿಟ್ಟು ಬಂದರೆ ಬರಲಿ. ಸಿಟ್ಟು ಬರುವವನಲ್ಲಿ ಇನ್ನೂ ಜೀವ ಇದೆ ಎಂದರ್ಥ.

ಒಂದೇ ಪ್ರಶ್ನೆ. ಊರು ಬಿಟ್ಟ ಎಷ್ಟು ದಿನಕ್ಕೆ ನಿಮ್ಮ ಮಾತು ಬಿಟ್ಟಿರಿ? ಮೂರು ತಿಂಗಳಿಗೋ? ಒಂದು ತಿಂಗಳಿಗೋ? ಅಥವಾ ರಾತ್ರಿ ಬಸ್ಸಿನಿಂದ ಮೆಜೆಸ್ಟಿಕ್‌ನಲ್ಲಿ ಇಳಿದ ದಿನವೇ?

ಮನೆಯಿಂದ ಅವ್ವನ ಫೋನು ಬಂದರೆ ಎದ್ದು ಹೊರಗೆ ಹೋಗಿ ಮಾತಾಡುವವರು ನಿಮ್ಮಲ್ಲಿ ಎಷ್ಟು ಜನ? ಪಿ.ಜಿ. ಕೋಣೆಯ ಗೆಳೆಯರ ಎದುರು 'ಊಟ ಮಾಡಾಕತ್ತೀನಿ ಬೇ' ಎನ್ನಲು ಬಾಯಿ ಬರುವುದಿಲ್ಲ. ಮೆಟ್ಟಿಲ ಮೂಲೆಯಲ್ಲಿ ನಿಂತು, ದನಿ ತಗ್ಗಿಸಿ, ಕಳ್ಳತನ ಮಾಡಿದವರ ಹಾಗೆ ತಾಯಿಯ ಹತ್ತಿರ ಮಾತಾಡುತ್ತೀರಿ. ಒಳಗೆ ಬಂದ ಮೇಲೆ 'ಊಟ ಮಾಡ್ತಾ ಇದೀನಿ' ಶುರು. ಇದು ಹೊಂದಿಕೊಳ್ಳುವುದಲ್ಲ. ಇದು ಅಂಜಿಕೆ.

ಬೇರೆ ಊರಿಗೆ ಹೋದವರು ನಾಲ್ಕು ಬಗೆಯ ಮಾತು ಕಲಿಯುವುದು ತಪ್ಪಲ್ಲ. ಕಲಿಯಲಿ. ನಾವು ಕೇಳುವುದು, ಈ ಅಂಜಿಕೆ ಎಲ್ಲಿಂದ ಬಂತು ಎಂದು. ನಿಮ್ಮ ಅಪ್ಪ ಕಲಿಸಲಿಲ್ಲ. ಶಾಲೆಯ ಮಾಸ್ತರು ಕಲಿಸಲಿಲ್ಲ. ಕಲಿಸಿದ್ದು ಪರದೆ. ಟಾಕೀಸಿನ ದೊಡ್ಡ ಪರದೆ, ಮನೆಯ ಟಿ.ವಿ. ಪರದೆ, ಈಗ ಅಂಗೈಯಲ್ಲಿ ಇರುವ ಫೋನಿನ ಪರದೆ. ಹೊಸ ಊರಿನಲ್ಲಿ ಒಂಟಿಯಾಗಿ ಕೂತ ಹುಡುಗನಿಗೆ ಸಂಜೆಯ ಜೊತೆಗಾರ ಈ ಪರದೆಯೇ. ಆ ಜೊತೆಗಾರ ದಿನಾ ಅವನ ಕಿವಿಯಲ್ಲಿ ಹೇಳುತ್ತಾನೆ: ನಿನ್ನ ಮಾತು ನಗಿಸುವುದಕ್ಕೆ ಮಾತ್ರ ಲಾಯಕ್ಕು!

ಪೊಲೀಸ್ ಪ್ಯಾದೆಯೂ ನಾವೇ, ಮನೆಗೆಲಸದವನೂ ನಾವೇ!

ಮಾಮೂಲಿ ಕನ್ನಡ ಸಿನಿಮಾ ನೋಡಿ. ನಾಯಕ ಬೆಂಗಳೂರು-ಮೈಸೂರಿನ ಮಾತಾಡುತ್ತಾನೆ. ನಾಯಕಿ ಕನ್ನಡವನ್ನೇ ಆಡುವುದಿಲ್ಲ, ಅವಳಿಗೆ ಬೇರೆಯವರು ದನಿ ಕೊಟ್ಟಿರುತ್ತಾರೆ. ನಮ್ಮ ಮಾತು ಬರುವುದು ಯಾರ ಬಾಯಲ್ಲಿ? ಪೆದ್ದ ಪ್ಯಾದೆಯ ಬಾಯಲ್ಲಿ, ಮನೆಗೆಲಸದವನ ಬಾಯಲ್ಲಿ, ಕುಡುಕನ ಬಾಯಲ್ಲಿ, ಇಲ್ಲವೇ ಮೀಸೆ ತಿರುವುವ ಗೌಡನ ಬಾಯಲ್ಲಿ. ನಮ್ಮ ಮಾತಿನಲ್ಲಿ ಪ್ರೀತಿ ಮಾಡುವ ಹುಡುಗ ಇಲ್ಲ. ನಮ್ಮ ಮಾತಿನಲ್ಲಿ ಕೋರ್ಟಿನಲ್ಲಿ ವಾದ ಮಾಡುವ ವಕೀಲೆ ಇಲ್ಲ. ನಮ್ಮ ಮಾತಿನಲ್ಲಿ ಅಳುವ ತಾಯಿಯೂ ಅಪರೂಪ. ಅತ್ತರೂ ಜನ ನಗಬೇಕು ಎಂಬುದು ಗಾಂಧಿನಗರದ ಪಂಡಿತರ ಲೆಕ್ಕ.

ಅದಾದರೂ ನಮ್ಮ ಮಾತೇ? ಅದೂ ಅಲ್ಲ! ಪ್ರತಿ ಪದದ ಬಾಲಕ್ಕೆ ಒಂದು 'ರೀ' ಅಂಟಿಸಿದರೆ ಉತ್ತರ ಕರ್ನಾಟಕ ಆಯಿತು ಎಂದು ಇವರ ತಿಳುವಳಿಕೆ. 'ಮಾಡ್ತಾವ್ನ್ರೀ' ಎಂದು ಬರೆಯುತ್ತಾರೆ. ಮಂಡ್ಯದ ಕ್ರಿಯಾಪದಕ್ಕೆ ನಮ್ಮ ರೀ! ಜಮಖಂಡಿಯ ಯಾವ ಓಣಿಯಲ್ಲಿ ಇಂಥ ಮಾತು ಕೇಳಿದ್ದೀರಿ? ನಮ್ಮಲ್ಲಿ 'ಮಾಡಾಕತ್ತಾನ್ರಿ'. ಕಲಬುರ್ಗಿ ಕಡೆ 'ಮಾಡ್ಲಾಕತ್ತಾನ'. ಧಾರವಾಡದ ಕೆಲವು ಮನೆಗಳಲ್ಲಿ 'ಮಾಡಲಿಕ್ಕತ್ತಾನ'. ಮೂರಕ್ಕೂ ಮೂರು ಬೇರೆ ರುಚಿ. ಆ 'ರೀ' ಕೂಡ ಸುಮ್ಮನೆ ಬರುವುದಲ್ಲ. ಯಾರಿಗೆ ರೀ, ಯಾರಿಗೆ ಲೇ, ಯಾರಿಗೆ ಬೇ, ಯಾರಿಗೆ ತಮ್ಮಾ ಎಂಬುದಕ್ಕೆ ನಮ್ಮಲ್ಲಿ ಕಟ್ಟುನಿಟ್ಟಾದ ಲೆಕ್ಕವಿದೆ. ಆ ಲೆಕ್ಕ ಗೊತ್ತಿಲ್ಲದವನು ಸಂಭಾಷಣೆ ಬರೆಯಲು ಕೂತರೆ ಹೇಗೆ? ಫೈಟಿಂಗ್ ಮಾಸ್ಟರನ್ನು ಪರರಾಜ್ಯದಿಂದ ಕರೆಸುತ್ತೀರಿ. ಜಮಖಂಡಿಯ ಮಾತು ಬೇಕಾದಾಗ ಜಮಖಂಡಿಯವನೊಬ್ಬನನ್ನು ಕರೆಸಲು ಏನು ಧಾಡಿ?

'ಜನಕ್ಕೆ ಅರ್ಥ ಆಗಲ್ಲ' ಎಂಬ ಬೊಗಳೆ

ಕೇಳಿದರೆ ಉತ್ತರ ರೆಡಿ ಇರುತ್ತದೆ. 'ನಿಮ್ಮ ಭಾಷೆ ಇಡೀ ರಾಜ್ಯಕ್ಕೆ ಅರ್ಥ ಆಗಲ್ಲ ಸಾರ್, ಕಲೆಕ್ಷನ್ ಬೀಳುತ್ತೆ.' ಈ ಬೊಗಳೆಯನ್ನು ಹತ್ತಾರು ವರ್ಷ ಕೇಳಿ ಸುಮ್ಮನಿದ್ದೆವು. ಇನ್ನು ಸುಮ್ಮನಿರಬೇಕಾಗಿಲ್ಲ. ಅದು ಸುಳ್ಳು ಎಂದು ಕರಾವಳಿಯವರು ತೋರಿಸಿಬಿಟ್ಟಿದ್ದಾರೆ.

2022ರಲ್ಲಿ 'ಕಾಂತಾರ' ಬಂತು. ಕುಂದಾಪುರದ ಕಡೆಯ ಕನ್ನಡ, ಭೂತಕೋಲ, ಕಂಬಳ. ಮೊದಲು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಯಿತು. ಗೆದ್ದ ಮೇಲೆ ಬೇರೆ ಭಾಷೆಯವರು ನಮಗೂ ಕೊಡಿ ಎಂದು ಬಂದರು. 2025ರ ಜುಲೈನಲ್ಲಿ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ಬಂತು. ದೊಡ್ಡ ನಾಯಕ ಇಲ್ಲ, ಕಟೌಟ್ ಇಲ್ಲ. ಕರಾವಳಿಯ ಒಂದು ಊರು, ಅಲ್ಲಿಯ ಜನ, ಅಲ್ಲಿಯ ಮಾತು. ರಾಜ್ಯದ ತುಂಬ ಟಾಕೀಸು ತುಂಬಿದವು. ಬಾಗಲಕೋಟೆ ಜಿಲ್ಲೆಯ ಹುಡುಗರಿಗೆ ಕರಾವಳಿಯ ಮಾತು ಅರ್ಥವಾಗುತ್ತದೆ. ಹಾಗಾದರೆ ಮಂಗಳೂರಿನ ಹುಡುಗನಿಗೆ, ಮೈಸೂರಿನ ಹುಡುಗಿಗೆ ನಮ್ಮ ಮಾತು ಮಾತ್ರ ಅರ್ಥವಾಗುವುದಿಲ್ಲವೇ? ಯಾರ ಕಿವಿಗೆ ಹೂವು ಇಡುತ್ತೀರಿ?

ನಮ್ಮ ಪಕ್ಕದ ಮರಾಠಿಯವರನ್ನು ನೋಡಿ. 2016ರಲ್ಲಿ ನಾಗರಾಜ ಮಂಜುಳೆ 'ಸೈರಾಟ್' ಮಾಡಿದರು. ಪುಣೆಯ ನಯವಾದ ಮರಾಠಿ ಅಲ್ಲ. ಸೊಲ್ಲಾಪುರ ಜಿಲ್ಲೆಯ ಕರಮಾಳಾ ಕಡೆಯ ಗಡಸು ಮರಾಠಿ. ನಾಯಕಿಯೇ ಬುಲೆಟ್ ಓಡಿಸುತ್ತ ಆ ಮಾತಾಡುತ್ತಾಳೆ. ಆ ಚಿತ್ರ ಅದುವರೆಗಿನ ಎಲ್ಲ ಮರಾಠಿ ಚಿತ್ರಗಳ ಗಳಿಕೆಯನ್ನು ಹಿಂದೆ ಹಾಕಿತು. ಮುಂದಿನ ವರ್ಷವೇ ಕನ್ನಡದಲ್ಲಿ ಅದನ್ನು 'ಮನಸು ಮಲ್ಲಿಗೆ' ಎಂದು ರೀಮೇಕ್ ಮಾಡಿದರು. ಕಥೆ ಕೊಂಡು ತರುವುದು ಸುಲಭ. ತನ್ನ ಹಳ್ಳಿಯ ಮಾತಿನ ಮೇಲೆ ಮಂಜುಳೆಗೆ ಇದ್ದ ನಂಬಿಕೆ ಇದೆಯಲ್ಲ, ಅದನ್ನು ಯಾವ ರೈಟ್ಸ್ ಕೊಟ್ಟೂ ಕೊಳ್ಳಲಾಗುವುದಿಲ್ಲ. ಸೊಲ್ಲಾಪುರ ನಮಗೆಷ್ಟು ದೂರ? ವಿಜಾಪುರ ದಾಟಿದರೆ ಸೊಲ್ಲಾಪುರ!

ಇನ್ನು ಪುಸ್ತಕದ ಮಾತು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ಕನ್ನಡಿಗರೆಲ್ಲ ಸಂಭ್ರಮಿಸಿದರು. ಆ ಅನುವಾದದ ಗುಟ್ಟು ಎಷ್ಟು ಜನ ಗಮನಿಸಿದ್ದೀರಿ? ಅನುವಾದಕಿ ದೀಪಾ ಭಾಸ್ತಿ ಕನ್ನಡದ, ಉರ್ದುವಿನ, ಅರಬ್ಬಿಯ ಪದಗಳನ್ನು ಇಂಗ್ಲಿಷಿನ ನಡುವೆ ಹಾಗೇ ಉಳಿಸಿದರು. ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲಿಲ್ಲ, ಕೆಳಗೆ ಅಡಿಟಿಪ್ಪಣಿ ಹಾಕಲಿಲ್ಲ. ಓದುವವರು ಬೇಕಾದರೆ ಕಷ್ಟಪಟ್ಟು ತಿಳಿದುಕೊಳ್ಳಲಿ ಎಂದರು. ಲಂಡನ್ನಿನ ತೀರ್ಪುಗಾರರು ತಿಳಿದುಕೊಂಡರು! ಹಾಸನದ ಓಣಿಯ ಮಾತು ಲಂಡನ್ನಿಗೆ ಅರ್ಥವಾಗುತ್ತದೆ, ಬನಹಟ್ಟಿಯ ಓಣಿಯ ಮಾತು ಬೆಂಗಳೂರಿಗೆ ಅರ್ಥವಾಗುವುದಿಲ್ಲ ಎಂದರೆ ನಂಬುವುದು ಹೇಗೆ?

ತಿರುಳ್ಗನ್ನಡ ಯಾರದು?

'ಶುದ್ಧ ಕನ್ನಡ ಮಾತಾಡು' ಎಂದು ಬುದ್ಧಿ ಹೇಳುವವರಿಗೆ ಕೊಡಲು ಒಂದು ಉತ್ತರ ಇಟ್ಟುಕೊಳ್ಳಿ. 9ನೇ ಶತಮಾನದ 'ಕವಿರಾಜಮಾರ್ಗ' ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದಿತು. ಇದು ಎಲ್ಲರಿಗೂ ಗೊತ್ತು, ವೇದಿಕೆಯ ಮೇಲೆ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಮಾತ್ರ ಹೇಳುವುದಿಲ್ಲ. ಆ ನಾಡಿನಲ್ಲೂ ಕನ್ನಡದ ತಿರುಳು ಇರುವುದು ಎಲ್ಲಿ ಎಂದು ಅದೇ ಪುಸ್ತಕ ಗುರುತು ಹಾಕಿ ಹೇಳಿದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಅಂದರೆ ಪಟ್ಟದಕಲ್ಲು, ನಮ್ಮ ಬಾಗಲಕೋಟೆ ಜಿಲ್ಲೆಯದೇ. ಕೊಪಣ ಅಂದರೆ ಕೊಪ್ಪಳ. ಪುಲಿಗೆರೆ ಅಂದರೆ ಲಕ್ಷ್ಮೇಶ್ವರ. ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ನಾಲ್ಕಕ್ಕೆ ನಾಲ್ಕೂ ಉತ್ತರ ಕರ್ನಾಟಕದಲ್ಲಿವೆ. ಸಾವಿರ ವರ್ಷಕ್ಕೂ ಹಿಂದೆ ಯಾವ ಸೀಮೆಯ ಕನ್ನಡವನ್ನು ನಾಡೇ ಮಾದರಿ ಎಂದು ಒಪ್ಪಿತ್ತೋ, ಇಂದು ಆ ಸೀಮೆಯ ಮಾತನ್ನು ಕಾಮಿಡಿ ಪೀಸು ಮಾಡಿ ಕೂರಿಸಿದ್ದಾರೆ!

ಮುಧೋಳದ ಹುಡುಗರೇ, ನಿಮ್ಮೂರಿನವನೊಬ್ಬ ಊರು ಬಿಟ್ಟು ದಕ್ಷಿಣಕ್ಕೆ ಹೋದ ಕಥೆ ಗೊತ್ತೇ? 949ರಲ್ಲಿ ಮುದುವೊಳಲಿನ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ. ಬಳೆ ಮಾರಿ ಹೊಟ್ಟೆ ಹೊರೆದುಕೊಂಡು ಇರಬಹುದಿತ್ತು. ವಿದ್ಯೆಯ ಹಸಿವಿಗೆ ಗಂಗರ ಸೀಮೆಗೆ ಹೋದ, ಚಾವುಂಡರಾಯನ ಆಶ್ರಯ ಪಡೆದ. ಅತ್ತಿಮಬ್ಬೆ 'ಅಜಿತಪುರಾಣ' ಬರೆಸಿದಳು. ಚಾಲುಕ್ಯರ ಆಸ್ಥಾನದಲ್ಲಿ 'ಗದಾಯುದ್ಧ' ಬರೆದ, ಕವಿಚಕ್ರವರ್ತಿ ಎನಿಸಿಕೊಂಡ. ತಾನು ಬಳೆಗಾರರ ಮಗ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಪುಸ್ತಕದಲ್ಲೇ ಬರೆದುಕೊಂಡ, ಅದಕ್ಕೇ ಇವತ್ತು ನಮಗೆ ಗೊತ್ತು. ನೀವು ಕಂಪನಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಮಾತ್ರಕ್ಕೆ ಬೆಳಗಲಿಯ ಹೆಸರು ಹೇಳಲು ಹಿಂಜರಿಯುತ್ತೀರಲ್ಲ!

ಇನ್ನೊಂದು ನೆನಪಿಡಿ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ರಬಕವಿ-ತೇರದಾಳ ಸಾಂಗಲಿ ಸಂಸ್ಥಾನದ ಕೈಯಲ್ಲಿ. ಎಲ್ಲವೂ ಮರಾಠಿ ಮನೆತನಗಳು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂದೆವು. ಅಷ್ಟು ವರ್ಷ ಅರಮನೆಯ ಮಾತು ಮರಾಠಿ ಆಗಿದ್ದರೂ ಮಗ್ಗದ ಕುಣಿಯಲ್ಲಿ, ಹೊಲದ ಬದುವಿನ ಮೇಲೆ, ಪಾರಿಜಾತದ ಅಟ್ಟದ ಮೇಲೆ ಕನ್ನಡ ಸಾಯಲಿಲ್ಲ. ದೊರೆಗಳ ಎದುರು ಬಾಗದ ಮಾತು ಬೆಂಗಳೂರಿನ ಟಿ.ವಿ. ಸ್ಟುಡಿಯೋದ ಎದುರು ಬಾಗಬೇಕೇ? ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು 1977ರಲ್ಲಿ ದೇಶದ ಹಂಗಾಮಿ ರಾಷ್ಟ್ರಪತಿ ಆಗಿದ್ದವರು. ನಮ್ಮ ಸೀಮೆಯ ಮನುಷ್ಯ ಆ ಕುರ್ಚಿಯವರೆಗೆ ಹೋದ. ಸಿನಿಮಾದಲ್ಲಿ ಇನ್ನೂ ಬಾಗಿಲು ಕಾಯುತ್ತಿದ್ದಾನೆ.

ಧಾರಾವಾಹಿಗಳ ಬಂಗಲೆ

ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ ಯಾವ ಚಾನೆಲ್ ಬೇಕಾದರೂ ಹಾಕಿ. ಬೆಂಗಳೂರಿನ ಒಂದು ಬಂಗಲೆ, ಮೆಟ್ಟಿಲ ಮೇಲಿಂದ ಇಳಿಯುವ ಅತ್ತೆ. ಹಳ್ಳಿ ತೋರಿಸಿದರೂ ಬಹುಮಟ್ಟಿಗೆ ಮಂಡ್ಯ-ಮೈಸೂರಿನ ಹಳ್ಳಿ. ನಮಗೆ ಆ ಹಳ್ಳಿಯ ಮೇಲೆ ಹೊಟ್ಟೆಕಿಚ್ಚಿಲ್ಲ. ಅದೂ ನಮ್ಮದೇ ಕನ್ನಡ. ಆದರೆ ಕರ್ನಾಟಕ ಅಲ್ಲಿಗೇ ಮುಗಿಯಿತೇ?

ಉಮಾಶ್ರೀ ಅವರನ್ನು ನೋಡಿ. 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ದೊಡ್ಡ ಕಲಾವಿದೆ. 2013ರಿಂದ 2018ರವರೆಗೆ ತೇರದಾಳ ಕ್ಷೇತ್ರದ ಶಾಸಕಿ. ಅಂದರೆ ರಬಕವಿ-ಬನಹಟ್ಟಿಯ ನೇಕಾರರ ಪ್ರತಿನಿಧಿ, ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಸಚಿವೆ. 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ನಾಡಿನ ಮನೆಮನೆಗೆ ಮುಟ್ಟಿದರು. ಅಭಿನಯಕ್ಕೆ ಕೈ ಮುಗಿಯುತ್ತೇವೆ. ನಮ್ಮ ಪ್ರಶ್ನೆ ಚಾನೆಲ್ಲಿಗೆ. ಆ ತಾಯಿ ಬನಹಟ್ಟಿಯ ಮಗ್ಗದ ಮನೆಯವಳು ಯಾಕಾಗಬಾರದು? ಲಾಳಿಯ ಸದ್ದಿನ ನಡುವೆ, ನೂಲಿನ ಬೆಲೆ ಏರಿದ ದಿನ, ಸೀರೆ ಮಾರಾಟವಾಗದೆ ಉಳಿದ ದಿನ, ಮಗಳ ಕಾಲೇಜು ಫೀ ಹೇಗೆ ಕಟ್ಟಲಿ ಎಂದು ಕೂತ ತಾಯಿಯ ಕಥೆಯಲ್ಲಿ ಕಣ್ಣೀರು ಕಡಿಮೆಯೇ?

ಆಗುವುದಿಲ್ಲ ಎನ್ನಬೇಡಿ. 2020ರಲ್ಲಿ 'ಗಿಣಿರಾಮ' ಧಾರಾವಾಹಿ ಉತ್ತರ ಕರ್ನಾಟಕದ ಮಾತನ್ನು ನಾಯಕ-ನಾಯಕಿಯ ಬಾಯಿಗೇ ಕೊಟ್ಟಿತು. ಜನ ನೋಡಿದರು. ಯಾರೂ ಟಿ.ವಿ. ಒಡೆಯಲಿಲ್ಲ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ 'ಸರಿಗಮಪ' ವೇದಿಕೆಗೆ ಲುಂಗಿ ಉಟ್ಟುಕೊಂಡು ಬಂದ, ತನ್ನ ಮಾತನ್ನು ಬದಲಿಸಲಿಲ್ಲ. 2025ರ ಜನವರಿಯಲ್ಲಿ 'ಬಿಗ್ ಬಾಸ್' ಗೆದ್ದು ಹೊರಬಂದ. ಅವನಿಗೆ ವೋಟು ಹಾಕಿದವರು ಉತ್ತರದವರು ಮಾತ್ರವೇ? ಇಡೀ ಕರ್ನಾಟಕ ಹಾಕಿತು. ಜನರ ಮನಸ್ಸು ದೊಡ್ಡದಿದೆ. ಚಾನೆಲ್ಲಿನವರ ಮನಸ್ಸು ಸಣ್ಣದಾಗಿದೆ.

ಬೀಳಗಿಯ ಶಹನಾಯಿ, ಮುಳುಗಿದ ಊರು

ಬೀಳಗಿಯವರೇ, ನಿಮ್ಮ ಊರಿನ ಶಹನಾಯಿಯನ್ನು ಒಮ್ಮೆ ಇಡೀ ರಾಜ್ಯ ಕೇಳಿತ್ತು. ಸನಾದಿ ಅಪ್ಪಣ್ಣ ಬೀಳಗಿಯ ಕಲಾವಿದ. ಬೀಳಗಿಯವರೇ ಆದ ಕೃಷ್ಣಮೂರ್ತಿ ಪುರಾಣಿಕರು ಆ ಬದುಕನ್ನು ಕಾದಂಬರಿ ಮಾಡಿದರು. 1977ರಲ್ಲಿ ಅದು ಸಿನಿಮಾ ಆಯಿತು. ಡಾ. ರಾಜಕುಮಾರ್ ಅಪ್ಪಣ್ಣನಾದರು, ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು. ಒಂದು ಸಣ್ಣ ಊರಿನ ವಾದ್ಯಗಾರನ ಕಥೆಗೆ ನಾಡಿನ ದೊಡ್ಡ ನಟ, ದೇಶದ ದೊಡ್ಡ ಕಲಾವಿದ ಇಬ್ಬರೂ ಬಂದರು. ಅದಾಗಿ ಹತ್ತಿರ ಹತ್ತಿರ ಅರ್ಧ ಶತಮಾನ. 'ಸಂತ ಶಿಶುನಾಳ ಶರೀಫ' 1990ರಲ್ಲಿ ಬಂತು, 'ನಾಗಮಂಡಲ' 1997ರಲ್ಲಿ ಬಂತು. ಬೆರಳೆಣಿಕೆಯ ಇಂಥ ಹೆಸರು ಹೇಳಿ ನಿಲ್ಲಿಸಬೇಕಾಗುತ್ತದೆ.

ಕಥೆ ಇಲ್ಲವೇ ನಮ್ಮಲ್ಲಿ? 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಈ ಎರಡು ತಾರೀಖುಗಳ ನಡುವೆ ಬಾಗಲಕೋಟೆಯ ಹಳೆ ಊರಿನ ದೊಡ್ಡ ಭಾಗ ನೀರಿಗೆ ಹೋಯಿತು, ನವನಗರ ಎದ್ದಿತು. ಬೀಳಗಿ, ಜಮಖಂಡಿ ತಾಲೂಕಿನ ಹೊಳೆದಂಡೆಯ ಊರುಗಳು ಗಂಟುಮೂಟೆ ಕಟ್ಟಿ ಪುನರ್ವಸತಿ ಕೇಂದ್ರಗಳಿಗೆ ಬಂದವು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರು ಬಂತು. ಗುಡಿಯ ದೇವರನ್ನು ಎತ್ತಿಕೊಂಡು ಬಂದರು, ಹೊಲ ಎತ್ತಿಕೊಂಡು ಬರಲಾಗಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ನಾಲ್ಕೂ ತಾಲೂಕುಗಳ ದಂಡೆಯ ಜನ ಮತ್ತೆ ಊರು ಬಿಟ್ಟು ಓಡಿದರು.

ಮುಗಿಯಿತೇ? ಇಲ್ಲ. ಇಂದು ನೀರು ನಿಲ್ಲುವುದು 519.6 ಮೀಟರಿಗೆ. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗುವ ಜಮೀನಿಗೆ ದರ ನಿಗದಿ ಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಅಂದರೆ ಇನ್ನೂ ಎಷ್ಟೋ ಮನೆಗಳು ಹೊಸ ಜಾಗ ಹುಡುಕಬೇಕು. ಬೆಂಗಳೂರಿನಲ್ಲಿ ಕೋಣೆ ಹಿಡಿದಿರುವ ಹುಡುಗ ಹಬ್ಬಕ್ಕೆ ಊರಿಗೆ ಹೋದಾಗ ಊರೇ ಬೇರೆ ಕಡೆ ಇರಬಹುದು!

ಶರಾವತಿಯ ಮುಳುಗಡೆಗೆ ನಾ. ಡಿಸೋಜ ಸಿಕ್ಕರು. 'ಮುಳುಗಡೆ' ಬರೆದರು, 'ದ್ವೀಪ' ಬರೆದರು. ಕಾಸರವಳ್ಳಿಯವರು 'ದ್ವೀಪ'ವನ್ನು 2002ರಲ್ಲಿ ಸಿನಿಮಾ ಮಾಡಿದರು, ನಟಿ ಸೌಂದರ್ಯ ಹಣ ಹಾಕಿದರು, ದೇಶದ ಅತ್ಯುತ್ತಮ ಚಿತ್ರ ಎಂಬ ಸ್ವರ್ಣಕಮಲ ಬಂತು. ಮಲೆನಾಡಿನ ಒಂದು ಮನೆಯ ನೋವು ದೇಶಕ್ಕೆ ಗೊತ್ತಾಯಿತು. ಕೃಷ್ಣೆಯ ಮುಳುಗಡೆ ಬಗ್ಗೆ ನಮ್ಮ ಕಡೆ ಬರೆದವರು ಇಲ್ಲವೆಂದಲ್ಲ, ಅದು ನಾಡಿನ ಮನೆಮನೆಗೆ ಮುಟ್ಟಲಿಲ್ಲ. ಮುಟ್ಟದೇ ಇದ್ದದ್ದರ ಫಲ ಏನು ಗೊತ್ತೇ? ಆಲಮಟ್ಟಿ ಅಂದರೆ ಬೆಂಗಳೂರಿನವನಿಗೆ ಟಿ.ಎಂ.ಸಿ. ಲೆಕ್ಕ, ಉದ್ಯಾನವನ, ಪ್ರವಾಸ. ಅಲ್ಲಿ ಮನೆ ಕಳೆದುಕೊಂಡ ಮನುಷ್ಯನ ಮುಖ ಅವನಿಗೆ ಕಾಣುವುದಿಲ್ಲ. ಪರಿಹಾರದ ಕಡತ ನಿಧಾನವಾದಾಗ ಕೇಳುವವರೂ ಇರುವುದಿಲ್ಲ. ಪರದೆಯ ಮೇಲೆ ನಮ್ಮ ಮಾತು ಬೇಕು ಎಂದು ನಾವು ಬಡಿದಾಡುವುದು ಇದಕ್ಕೇ. ನಗೆಗೆ ಮಾತ್ರ ಬಳಸಿದ ಮಾತಿನಲ್ಲಿ ಗೋಳು ಹೇಳಿಕೊಂಡರೆ ಅದಕ್ಕೂ ಜನ ನಗುತ್ತಾರೆ!

ನಮ್ಮವರ ಕಿವಿಯನ್ನೂ ಹಿಂಡಬೇಕು

ಬೈಗುಳವೆಲ್ಲ ಗಾಂಧಿನಗರಕ್ಕೇ ಮೀಸಲಲ್ಲ. ನಮ್ಮವರೇ ಯೂಟ್ಯೂಬಿನಲ್ಲಿ ಮಾಡುವ ಕಾಮಿಡಿ ನೋಡಿ. ಕೆಲವು ನಿಜಕ್ಕೂ ಚೆಂದ, ಮಾತು ಅಪ್ಪಟ. ಆದರೆ ಎಷ್ಟೋ ವಿಡಿಯೋಗಳಲ್ಲಿ ಗಂಡ ಹೆಂಡತಿಗೆ ಬೈಯುವುದು, ಹೆಂಡತಿ ಗಂಡನಿಗೆ ಬಾರಿಸುವುದು, ಎರಡರ್ಥದ ಮಾತು, ಅಷ್ಟೇ. ಜಾನಪದ ಎಂದು ಹೆಸರಿಟ್ಟು ಡಿ.ಜೆ. ಹಾಡು ಬರುತ್ತಿವೆ. ರಾಯಬಾಗದ ಕಡೆಯ ಮಾಳು ನಿಪನಾಳ ಅಂಥ ಹುಡುಗರು ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮ ದನಿಯನ್ನು ನಾಡಿಗೆ ಮುಟ್ಟಿಸಿದ್ದಾರೆ. ಅದು ಸಣ್ಣ ಮಾತಲ್ಲ, ಶಹಬ್ಬಾಸ್ ಎನ್ನೋಣ. ಆದರೆ ಆ ದಾರಿ ಹಿಡಿದು ಬಂದ ನೂರಾರು ಹಾಡುಗಳಲ್ಲಿ ಹುಡುಗಿ ಕೈ ಕೊಟ್ಟಳು ಎಂಬ ಒಂದೇ ಗೋಳು. ಗೀಗೀ ಪದ, ಚೌಡಕಿ ಪದ, ಡೊಳ್ಳಿನ ಪದ, ಲಾವಣಿ ಇದ್ದ ಸೀಮೆ ಇದು. ಕೌಜಲಗಿ ನಿಂಗಮ್ಮ ಪಾರಿಜಾತದಲ್ಲಿ ದನಿ ಎತ್ತಿದರೆ ಬೆಳಗಾಗುವವರೆಗೆ ಜನ ಏಳುತ್ತಿರಲಿಲ್ಲ. ಆ ಹಾಡಿನ ಸಿರಿಯಿಂದ ಹೊಸ ಹಾಡು ಕಟ್ಟಲು ನಿಮಗೆ ಬರುವುದಿಲ್ಲವೇ? ನಮ್ಮ ಮಾತನ್ನು ನಾವೇ ಅಗ್ಗ ಮಾಡಿ, ಬೇರೆಯವರು ಅಗ್ಗವಾಗಿ ನೋಡುತ್ತಾರೆ ಎಂದು ಅತ್ತರೆ ಪ್ರಯೋಜನವಿಲ್ಲ.

ಇನ್ನು ನೋಡುವವರ ಮಾತು. 2022ರಲ್ಲಿ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ 'ಶಿವಮ್ಮ' ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಚೈನ್ ಮಾರ್ಕೆಟಿಂಗಿಗೆ ಬಿದ್ದ ಕಥೆ. ಇಂಥ ಹೆಂಗಸು ನಮ್ಮ ಪ್ರತಿ ಊರಲ್ಲೂ ಇದ್ದಾಳೆ. 2024ರಲ್ಲಿ ಅದು ಟಾಕೀಸಿಗೆ ಬಂತು. ಅದೇ ವರ್ಷ ಉತ್ಸವ್ ಗೋನವಾರ ಅವರ 'ಫೋಟೋ' ಬಂತು. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಹತ್ತಿರ ಬಂದ ರಾಯಚೂರು ಕಡೆಯ ಹುಡುಗ, ಲಾಕ್‌ಡೌನಿನಲ್ಲಿ ನಡೆದುಕೊಂಡೇ ಊರಿಗೆ ಹೊರಟ ಕಥೆ. ಬೆಂಗಳೂರಿಗೆ ಬಂದ ಪ್ರತಿಯೊಬ್ಬ ಉತ್ತರದವನ ಕಥೆ ಅದು. ಎದೆ ಮುಟ್ಟಿಕೊಂಡು ಹೇಳಿ, ಇವೆರಡನ್ನು ನೀವು ದುಡ್ಡು ಕೊಟ್ಟು ನೋಡಿದಿರಾ? ನಾಲ್ಕುನೂರು ರೂಪಾಯಿ ಕೊಟ್ಟು ಪರಭಾಷೆಯ ಚಿತ್ರದ ಮೊದಲ ದಿನದ ಮೊದಲ ಆಟ ನೋಡುತ್ತೀರಿ. ನಿಮ್ಮ ಅವ್ವನ ಮಾತಿನ ಚಿತ್ರಕ್ಕೆ ಟಾಕೀಸು ಖಾಲಿ. ಆಮೇಲೆ 'ನಮ್ಮ ಭಾಷೆಗೆ ಬೆಲೆ ಇಲ್ಲ' ಎಂದು ಸ್ಟೇಟಸ್ ಹಾಕುತ್ತೀರಿ!

ಪುಸ್ತಕದ ಕಥೆಯೂ ಇದೇ. ರಾವಬಹಾದ್ದೂರರ 'ಗ್ರಾಮಾಯಣ' ಓದಿದವರು ಕೈ ಎತ್ತಿ. ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ' ಓದಿದವರು? ಬಸವರಾಜ ಕಟ್ಟೀಮನಿ? ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂತು ಎಂದು ಗೊತ್ತು, ಅವರು ಘೋಡಗೇರಿಯ ಮಾತಿನಲ್ಲೇ ನಾಟಕ, ಕಾದಂಬರಿ ಕಟ್ಟಿದರು ಎಂದು ಗೊತ್ತೇ? ಬೇಂದ್ರೆಯವರು ಧಾರವಾಡದ ಮನೆಮಾತಿನಲ್ಲೇ ಕವಿತೆ ಬರೆದು ಜ್ಞಾನಪೀಠ ಪಡೆದದ್ದು 1973ರಲ್ಲಿ. ನಿಮ್ಮ ಮಾತಿನಲ್ಲಿ ದೊಡ್ಡದನ್ನು ಬರೆಯಲಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ, ಈ ಹೆಸರುಗಳನ್ನು ಮುಖಕ್ಕೆ ಹಿಡಿಯಿರಿ. ಹಿಡಿಯಬೇಕಾದರೆ ಮೊದಲು ಓದಿರಬೇಕು.

ಏನು ಮಾಡಬೇಕು?

ಕರಾವಳಿಯವರು ಯಾರನ್ನೂ ಬೇಡಲಿಲ್ಲ. 'ಏಕಂ' ಎಂಬ ಕನ್ನಡ ಸರಣಿಯನ್ನು ಒ.ಟಿ.ಟಿ. ಕಂಪನಿಗಳು ಕೊಳ್ಳದೇ ಹೋದಾಗ, ಮಾಡಿದವರು 2024ರಲ್ಲಿ ತಮ್ಮದೇ ವೆಬ್‌ಸೈಟ್ ಕಟ್ಟಿ ಜನರ ಮುಂದಿಟ್ಟರು. ಅವರಲ್ಲಿ ಬರೆಯುವವನು, ನಟಿಸುವವನು, ಹಣ ಹಾಕುವವನು ಒಟ್ಟಿಗೆ ನಿಂತರು. ನಮ್ಮ ಸೀಮೆಯಲ್ಲಿ ಹಣವಿಲ್ಲವೇ? ಘಟಪ್ರಭೆಯ ದಂಡೆಯಲ್ಲಿ ಸಾಲುಸಾಲು ಸಕ್ಕರೆ ಕಾರ್ಖಾನೆಗಳಿವೆ. ಚುನಾವಣೆಗೆ ನೀರಿನಂತೆ ಹರಿಯುವ ಹಣದಲ್ಲಿ ಒಂದು ಚಿಕ್ಕ ಪಾಲು ಬಂದರೆ ವರ್ಷಕ್ಕೆ ನಾಲ್ಕು ಒಳ್ಳೆಯ ಚಿತ್ರ ಆಗುತ್ತವೆ. ಕಲಾವಿದರಿಲ್ಲವೇ? ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ಒಂದರ ಪಕ್ಕ ಒಂದು ನಾಟಕ ಕಂಪನಿಯ ಡೇರೆ. ರಾತ್ರಿಯಿಡೀ ಜನ ತುಂಬಿ ನೋಡುತ್ತಾರೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ.

ಒಂದು, ಚಾನೆಲ್ಲುಗಳಿಗೆ. ಪ್ರತಿ ಚಾನೆಲ್ಲೂ ಕನಿಷ್ಠ ಒಂದು ಮುಖ್ಯ ಧಾರಾವಾಹಿಯನ್ನು ಉತ್ತರ ಕರ್ನಾಟಕದ ಮಾತಿನಲ್ಲಿ, ಅಲ್ಲಿಯ ಬರಹಗಾರರ ಕೈಯಲ್ಲೇ ಬರೆಸಬೇಕು. ನಾಯಕಿಗೂ ಅದೇ ಮಾತು ಇರಬೇಕು, ಆಳಿಗೆ ಮಾತ್ರ ಅಲ್ಲ.

ಎರಡು, ಸರ್ಕಾರಕ್ಕೆ. ಕನ್ನಡ ಚಿತ್ರಗಳಿಗೆ ಕೊಡುವ ಸಹಾಯಧನದಲ್ಲಿ ಉತ್ತರ ಕರ್ನಾಟಕದ ಭಾಷೆಯಲ್ಲಿ, ಅಲ್ಲಿಯೇ ತೆಗೆದ ಚಿತ್ರಗಳಿಗೆ ಬೇರೆ ಪಾಲು ಇಡಬೇಕು. ಮುಳುಗಡೆಯಾದ, ಮುಳುಗಲಿರುವ ಊರುಗಳ ಮಾತು, ಹಾಡು, ಹಿರಿಯರ ನೆನಪುಗಳನ್ನು ನೀರು ಬರುವ ಮೊದಲೇ ದಾಖಲು ಮಾಡಬೇಕು. ಜಮೀನಿಗೆ ದರ ಕಟ್ಟಿದ್ದೀರಿ, ನೆನಪಿಗೆ ಒಂದು ಕ್ಯಾಮೆರಾವನ್ನಾದರೂ ಕಳಿಸಿ.

ಮೂರು, ನಿಮಗೆ. ತಿಂಗಳಿಗೆ ಒಂದು ಕನ್ನಡ ಪುಸ್ತಕ ಕೊಳ್ಳಿ. ನಮ್ಮ ಮಾತಿನ ಚಿತ್ರ ಬಂದರೆ ಮೊದಲ ವಾರವೇ ಹತ್ತು ಜನ ಗೆಳೆಯರನ್ನು ಕರೆದುಕೊಂಡು ಹೋಗಿ, ಅದರಲ್ಲಿ ಐದು ಜನ ದಕ್ಷಿಣದವರಿರಲಿ. ನಮ್ಮ ಮಾತನ್ನು ಹಂಗಿಸುವ ದೃಶ್ಯ ಬಂದರೆ ಸುಮ್ಮನೆ ನಗಬೇಡಿ. ನಿರ್ಮಾಪಕನಿಗೆ ಬರೆಯಿರಿ, ಸಂಭಾಷಣೆ ಬರೆದವನ ಹೆಸರು ಹಿಡಿದು ಕೇಳಿ. ಕಲ್ಲು ಹೊಡೆಯಬೇಡಿ, ಲೆಕ್ಕ ಕೇಳಿ. ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ. ಊರಿಗೆ ಹೋದಾಗ ಅಜ್ಜಿಯ ಬಾಯಿಂದ ಬೀಸುವ ಪದ ಕೇಳಿ ತುಂಬಿಕೊಳ್ಳಿ.

ನಾಲ್ಕು, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು. ಇಂದು ಸಂಜೆ ಅವ್ವನ ಫೋನು ಬಂದಾಗ ಎದ್ದು ಹೊರಗೆ ಹೋಗಬೇಡಿ. ಕೋಣೆಯಲ್ಲೇ ಕೂತು, ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡಿ. ಕೇಳಿದವರು ನಕ್ಕರೆ ಪಟ್ಟದಕಲ್ಲಿನ ಕಥೆ ಹೇಳಿ, ರನ್ನನ ಕಥೆ ಹೇಳಿ. ನಾಳೆ ಅವರಿಗೂ ನಾಲ್ಕು ಮಾತು ಬರುತ್ತವೆ.

ಬೆಂಗಳೂರು ಕನ್ನಡಿಗರೆಲ್ಲರ ರಾಜಧಾನಿ. ಅಲ್ಲಿ ನಮ್ಮ ಮಾತಿಗೆ ಜಾಗ ಕೊಡಿ ಎಂದು ಬೇಡುವುದಲ್ಲ. ನಮ್ಮ ಜಾಗದಲ್ಲಿ ನಾವು ಕೂರುವುದು. ಎದ್ದೇಳಿ ತಮ್ಮಂದಿರಾ, ತಂಗಿಯರಾ! ಬಾಯಿ ಬಿಟ್ಟು ಮಾತಾಡ್ರಿ!

ಸಿರಿಗನ್ನಡಂ ಗೆಲ್ಗೆ!